ಮಗುವಿನ ನೋವಿಗೆ ಪ್ರಮಾಣ ಯಾವುದು?

ಹತ್ತು ವರ್ಷದ ಮಗು ಹೊಟ್ಟೆನೋವು ಎನ್ನುತ್ತದೆ, ಇಲ್ಲವೇ ಕಾಲುನೋವು ಎನ್ನುತ್ತದೆ. ರಕ್ತಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಆಗುತ್ತವೆ. ಎಲ್ಲ ಕಾಗದದ ಮೇಲೂ ‘ನಾರ್ಮಲ್’ ಎಂದೇ ಇರುತ್ತದೆ. ಮೂರು ತಿಂಗಳು ಕಳೆದರೂ ನೋವು ಹೋಗಿಲ್ಲವೆಂದು ಮಗು ಹೇಳುತ್ತಲೇ ಇರುತ್ತದೆ. ಈಗ ನಂಬಬೇಕಾದ್ದು ಕಾಗದವನ್ನೋ, ಮಗುವನ್ನೋ? ಮೇಲ್ನೋಟಕ್ಕೆ ಇದು ವೈದ್ಯರ ಸಮಸ್ಯೆ. ಆದರೆ ಇದರ ತಳದಲ್ಲಿರುವುದು ನಮ್ಮ ದರ್ಶನಗಳು ಸಾವಿರಾರು ವರ್ಷ ಚರ್ಚಿಸಿದ ಪ್ರಶ್ನೆ: ಇನ್ನೊಬ್ಬರ ಅನುಭವವನ್ನು ನಾವು ತಿಳಿಯುವುದು ಹೇಗೆ, ಅದಕ್ಕೆ ಪ್ರಮಾಣ ಯಾವುದು? ಇದರ ಬೆನ್ನಿಗೇ ಧರ್ಮದ ಪ್ರಶ್ನೆಯೂ ಬರುತ್ತದೆ: ಯಾವ ತಪ್ಪನ್ನೂ ಮಾಡದ ಮಗುವಿಗೆ ಈ ನೋವು ಯಾಕೆ? ತನ್ನ ನೋವಿನ ವಿಷಯದಲ್ಲಿ ಮಗುವಿನ ಮಾತೇ ಮೊದಲ ಪ್ರಮಾಣ. ವೈದ್ಯರ ವಿವರಣೆಯಾಗಲಿ ಧರ್ಮದ ವಿವರಣೆಯಾಗಲಿ ಆ ಮಾತನ್ನು ಒಪ್ಪಿಕೊಂಡೇ ಶುರುವಾಗಬೇಕು. ನೋವಿನ ಹೊಣೆಯನ್ನು ಮಗುವಿನ ತಲೆಗೆ ಕಟ್ಟುವ ವಿವರಣೆ ಎಷ್ಟು ಹಳೆಯದಾದರೂ, ಎಷ್ಟು ಹೊಸದಾದರೂ, ಪ್ರಮಾಣವಿಲ್ಲದ ಮಾತು. ಈ ಬರಹದ ವಾದ ಇಷ್ಟೇ.

ಈ ಪ್ರಶ್ನೆ ತೀರ ಗಟ್ಟಿಯಾಗಿ ಎದುರಾಗುವ ನೆಲಗಳಲ್ಲಿ ಬಹ್ರೇನ್ ಒಂದು. ಮನಾಮದ ದಕ್ಷಿಣಕ್ಕೆ, ಕೊಲ್ಲಿಯ ಅಂಚಿನಲ್ಲಿ ಟುಬ್ಲಿ ಎಂಬ ಊರಿದೆ. ಒಂದು ಕಾಲಕ್ಕೆ ಖರ್ಜೂರದ ತೋಟಗಳೂ ಸಿಹಿನೀರಿನ ಬುಗ್ಗೆಗಳೂ ಇದ್ದ ಸೀಮೆಯಿದು. ಈಗ ಹಳೆಯ ಹಳ್ಳಿಯ ಸುತ್ತ ಗೋದಾಮು, ವರ್ಕ್‌ಶಾಪು, ಕಾರ್ಮಿಕರ ವಸತಿ, ಬಾಡಿಗೆ ಫ್ಲ್ಯಾಟುಗಳು ಎದ್ದಿವೆ. 1950ರಲ್ಲಿ ಶುರುವಾದ ಇಂಡಿಯನ್ ಸ್ಕೂಲಿನ ದೊಡ್ಡ ಕ್ಯಾಂಪಸ್ಸು ಪಕ್ಕದ ಈಸಾ ಟೌನ್‌ನಲ್ಲಿದೆ. ಮಂಗಳೂರು, ಉಡುಪಿ ಕಡೆಯಿಂದ ಹೋಗಿ ನೆಲೆಸಿದವರ ಮಕ್ಕಳೂ ಅಲ್ಲಿ ಓದುತ್ತಾರೆ. ದೇಶದ ದೊಡ್ಡ ಸರ್ಕಾರಿ ಆಸ್ಪತ್ರೆಯಾದ ಸಲ್ಮಾನಿಯಾ ವೈದ್ಯಕೀಯ ಸಂಕೀರ್ಣ ಇಲ್ಲಿಂದ ದೂರವಿಲ್ಲ. ಅಲ್ಲಿ ಆನುವಂಶಿಕ ರಕ್ತರೋಗಗಳಿಗೆಂದೇ ಒಂದು ಕೇಂದ್ರವಿದೆ. ಅಂಥ ಕೇಂದ್ರ ಬೇಕಾದದ್ದಕ್ಕೆ ಕಾರಣ ಕುಡುಗೋಲು ಕಣ ರೋಗ, ಜನ ಸಿಕಲ್ ಸೆಲ್ ಎಂದೇ ಕರೆಯುವ ಕಾಯಿಲೆ. 1980ರ ದಶಕದಲ್ಲಿ ಬಹ್ರೇನ್‌ನಲ್ಲಿ ಹುಟ್ಟುತ್ತಿದ್ದ ನೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ಈ ರೋಗವಿತ್ತು. ಶಾಲೆಗಳಲ್ಲಿ ತಪಾಸಣೆ, ಮದುವೆಗೆ ಮುಂಚಿನ ರಕ್ತಪರೀಕ್ಷೆಯನ್ನು ಕಡ್ಡಾಯ ಮಾಡಿದ 2004ರ ಕಾನೂನು, ನವಜಾತ ಶಿಶುಗಳ ಪರೀಕ್ಷೆ ಇವುಗಳಿಂದ ಆ ಪ್ರಮಾಣ ನೂರಕ್ಕೆ ಒಂದಕ್ಕಿಂತ ಕೆಳಗಿಳಿದಿದೆ. ಆದರೆ ಆಗಲೇ ಹುಟ್ಟಿರುವ ಮಕ್ಕಳ ನೋವು ಅಂಕಿಯ ಜೊತೆಗೆ ಇಳಿಯುವುದಿಲ್ಲ.

ಆ ನೋವು ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದು ಕೂತಿರುತ್ತದೆ, ಬದಲಾವಣೆ ಅಷ್ಟೇ. ಆಮ್ಲಜನಕ ಕಡಿಮೆಯಾದ ಗಳಿಗೆಯಲ್ಲಿ ಇಂಥ ಹಿಮೋಗ್ಲೋಬಿನ್ ಕಣದೊಳಗೆ ಉದ್ದುದ್ದ ಎಳೆಗಳಾಗಿ ಹೆಣೆದುಕೊಳ್ಳುತ್ತದೆ; ಮೆತ್ತಗಿದ್ದ ದುಂಡು ಕಣ ಗಡುಸಾಗಿ ಬಾಗುತ್ತದೆ. ಕೂದಲಿಗಿಂತ ಸಣ್ಣ ರಕ್ತನಾಳದಲ್ಲಿ ಇಂಥ ಕಣಗಳು ಸಿಕ್ಕಿಕೊಂಡರೆ ಅದರಾಚೆಯ ಮೂಳೆಗೂ ಮಾಂಸಕ್ಕೂ ರಕ್ತ ನಿಲ್ಲುತ್ತದೆ. ವರ್ಷ ತುಂಬುವ ಮೊದಲೇ ಕೆಲವು ಶಿಶುಗಳ ಕೈಬೆರಳು, ಪಾದಗಳು ಊದಿಕೊಳ್ಳುತ್ತವೆ. ಮುಟ್ಟಿದರೆ ಚೀರುವ ಆ ಪುಟ್ಟ ಕೈಯೇ ಎಷ್ಟೋ ಮನೆಗಳಲ್ಲಿ ರೋಗದ ಮೊದಲ ಸುದ್ದಿ. ಈ ಬದಲಾವಣೆ ತರುವ ಜೀನಿನ ಒಂದೇ ಪ್ರತಿ ಪಡೆದವರಿಗೆ ಅದು ಮಲೇರಿಯಾದಿಂದ ರಕ್ಷಣೆ ಕೊಡುತ್ತದೆ. ಹಾಗಾಗಿಯೇ ಬುಗ್ಗೆ, ಕಾಲುವೆ, ಸೊಳ್ಳೆಗಳ ನಾಡಿನಲ್ಲಿ ಅದು ತಲೆಮಾರುಗಳ ಕಾಲ ಉಳಿದು ಬಂತು. ನಮ್ಮ ಕಾಡುಗಳಲ್ಲೂ ಆದದ್ದು ಇದೇ. ದಕ್ಷಿಣ ಭಾರತದಲ್ಲಿ ಈ ಲಕ್ಷಣವನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಚಾಮರಾಜನಗರ, ಮೈಸೂರು ಸೀಮೆಯ ಸೋಲಿಗರಲ್ಲೂ ಜೇನುಕುರುಬರಲ್ಲೂ ಅದು ಇದೆ. ಬಹ್ರೇನ್ ಮತ್ತು ಸೌದಿಯ ಪೂರ್ವ ಕರಾವಳಿಯಲ್ಲಿ ಹೆಚ್ಚಾಗಿರುವ ಜೀನಿನ ಮಾದರಿಯೂ ಭಾರತದ ಮಾದರಿಯೂ ಒಂದೇ. ತಜ್ಞರು ಅದಕ್ಕೆ ಅರಬ್-ಇಂಡಿಯನ್ ಮಾದರಿ ಎಂದೇ ಹೆಸರಿಟ್ಟಿದ್ದಾರೆ. ಹಾಗೆ ನೋಡಿದರೆ ಟುಬ್ಲಿಯ ಒಂದು ಮಗುವಿನ ಮೂಳೆನೋವಿಗೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನ ಒಂದು ಮಗುವಿನ ಮೂಳೆನೋವಿಗೂ ಮೂಲ ಒಂದೇ ಇರಬಹುದು.

ಇಷ್ಟು ಸ್ಪಷ್ಟವಾದ ಕಾರಣವಿದ್ದೂ ನೋವು ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ಕಣದ ಆಕಾರ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ, ಹಿಮೋಗ್ಲೋಬಿನ್ ಎಷ್ಟೆಂದು ಯಂತ್ರ ಹೇಳುತ್ತದೆ. ಆದರೆ ಈ ಹೊತ್ತಿನಲ್ಲಿ ಈ ಮಗುವಿಗೆ ಎಷ್ಟು ನೋವಾಗುತ್ತಿದೆ ಎಂದು ಹೇಳುವ ರಕ್ತಪರೀಕ್ಷೆ ಇನ್ನೂ ಇಲ್ಲ. ಅಮೆರಿಕದಲ್ಲಿ ಈ ರೋಗವಿರುವ 232 ವಯಸ್ಕರು ದಿನವೂ ಬರೆದಿಟ್ಟ ನೋವಿನ ಡೈರಿಗಳ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅವರು ದಾಖಲಿಸಿದ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ನೋವಿತ್ತು. ಆಸ್ಪತ್ರೆಗೆ ಓಡಬೇಕಾಗಿ ಬಂದ ದಿನಗಳು ನೂರರಲ್ಲಿ ನಾಲ್ಕೂ ಇರಲಿಲ್ಲ. ಉಳಿದ ನೋವನ್ನು ಅವರು ಮನೆಯಲ್ಲೇ, ಯಾರಿಗೂ ಲೆಕ್ಕ ಕೊಡದೆ ಸಹಿಸಿದ್ದರು. ಆಸ್ಪತ್ರೆಗೆ ಬಂದಾಗಲೂ ‘ಇಂಜೆಕ್ಷನ್‌ಗಾಗಿ ಬಂದಿದ್ದಾರೆ’ ಎಂಬ ಅನುಮಾನವನ್ನು ಎದುರಿಸಬೇಕಾಯಿತೆಂದು ಹಲವು ದೇಶಗಳ ರೋಗಿಗಳು ಹೇಳಿದ್ದಾರೆ. ಕಾರಣ ಗೊತ್ತಿರುವ ನೋವಿಗೇ ಈ ಪಾಡಾದರೆ, ಕಾರಣ ಕಾಣದ ಹೊಟ್ಟೆನೋವು, ತಲೆನೋವು, ಕೀಲುನೋವಿನ ಮಕ್ಕಳ ಪಾಡು ಏನಿರಬೇಕು? ನಂಬಿಕೆಯ ಕೊರತೆ ಹುಟ್ಟುವುದು ಕಾರಣ ಸಿಗದ್ದರಿಂದಲ್ಲ. ನೋವು ಎಂಬುದೇ ಹೊರಗಿನವರಿಗೆ ಎಂದೂ ನೇರವಾಗಿ ಸಿಗದ ವಸ್ತು ಎಂಬುದನ್ನು ನಾವು ಮರೆಯುವುದರಿಂದ.

ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಈ ಮರೆವಿಗೆ ಬೆಲೆ ತೆತ್ತವರು ಶಿಶುಗಳು. ಇಪ್ಪತ್ತನೆಯ ಶತಮಾನದ ಬಹುಪಾಲು ಕಾಲ, ನವಜಾತ ಶಿಶುವಿನ ನರಮಂಡಲ ಇನ್ನೂ ಬಲಿತಿಲ್ಲ, ಅದಕ್ಕೆ ನೋವು ಪೂರ್ತಿ ತಿಳಿಯುವುದಿಲ್ಲ ಎಂಬ ನಂಬಿಕೆ ಪಶ್ಚಿಮದ ದೊಡ್ಡ ಆಸ್ಪತ್ರೆಗಳಲ್ಲೂ ಇತ್ತು. ಅರಿವಳಿಕೆಯೇ ಅಪಾಯವೆಂಬ ಭಯವೂ ಸೇರಿ, ಶಿಶುಗಳಿಗೆ ನೋವಿಳಿಸುವ ಔಷಧ ಅಷ್ಟಾಗಿ ಕೊಡದೆ ಶಸ್ತ್ರಕ್ರಿಯೆ ಮಾಡುತ್ತಿದ್ದರು. ಭಾರತ ಮೂಲದ ವೈದ್ಯ ಕೆ. ಜೆ. ಎಸ್. ಆನಂದ್ ಮತ್ತು ಸಹೋದ್ಯೋಗಿಗಳು ಆಕ್ಸ್‌ಫರ್ಡ್‌ನಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಹೃದಯನಾಳದ ಶಸ್ತ್ರಕ್ರಿಯೆಯ ಮೇಲೆ ನಡೆಸಿದ ಪ್ರಯೋಗ 1987ರಲ್ಲಿ ಪ್ರಕಟವಾಯಿತು. ರೂಢಿಯ ಹಗುರ ಅರಿವಳಿಕೆಯ ಜೊತೆಗೆ ಫೆಂಟನಿಲ್ ಕೂಡ ಪಡೆದ ಶಿಶುಗಳ ದೇಹ ಕಡಿಮೆ ತಲ್ಲಣಗೊಂಡಿತು, ಅವು ಚೆನ್ನಾಗಿ ಚೇತರಿಸಿಕೊಂಡವು. ಆಮೇಲೆ ರೂಢಿ ಬದಲಾಯಿತು. ಇದನ್ನು ನಮ್ಮ ಒಂದು ಹಳೆಯ ಗ್ರಂಥದ ಪಕ್ಕದಲ್ಲಿಟ್ಟು ನೋಡಬೇಕು. ಮಕ್ಕಳ ವೈದ್ಯಕ್ಕೇ ಮೀಸಲಾದ ಕಾಶ್ಯಪ ಸಂಹಿತೆ ಪೂರ್ತಿಯಾಗಿ ಉಳಿದಿಲ್ಲ. ನೇಪಾಳದಲ್ಲಿ ಸಿಕ್ಕ ಹಸ್ತಪ್ರತಿಯಿಂದ ಅದು ನಮಗೆ ದಕ್ಕಿತು. ಅದರಲ್ಲಿ ವೇದನಾಧ್ಯಾಯ ಎಂಬ ಭಾಗವಿದೆ. ಮಾತು ಬಾರದ ಕೂಸಿನ ನೋವನ್ನು ಹೇಗೆ ತಿಳಿಯಬೇಕೆಂದು ಅದು ಹೇಳುತ್ತದೆ. ತಲೆ ನೋಯುವ ಕೂಸು ತಲೆ ಹೊರಳಿಸುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಕಿವಿ ನೋಯುವ ಕೂಸು ಕೈಯಿಂದ ಕಿವಿ ಮುಟ್ಟಿಕೊಳ್ಳುತ್ತದೆ. ಹೊಟ್ಟೆ ನೋಯುವ ಕೂಸು ಮೊಲೆ ಬಿಟ್ಟು ಅಳುತ್ತದೆ, ಹೊಟ್ಟೆ ಬಿಗಿಯುತ್ತದೆ. ಹಳಬರಿಗೆ ಎಲ್ಲವೂ ತಿಳಿದಿತ್ತು ಎಂಬ ಹೆಮ್ಮೆಗಾಗಿ ಇದನ್ನು ಹೇಳುತ್ತಿಲ್ಲ. ಆ ಅಧ್ಯಾಯದ ಲೇಖಕ ಕೂಸಿಗೆ ನೋವಿದೆಯೋ ಇಲ್ಲವೋ ಎಂದು ವಾದಕ್ಕೆ ಕೂರಲಿಲ್ಲ. ಇದೆ ಎಂದಿಟ್ಟುಕೊಂಡು ಎಲ್ಲಿ ಎಂದು ಹುಡುಕಲು ಹೊರಟ. ಯಂತ್ರಗಳಿಲ್ಲದ ಕಾಲದಲ್ಲೂ ಅವನು ಸರಿಯಾದ ಕಡೆ ನೋಡಿದ್ದು ಈ ಒಂದು ನಿಲುವಿನಿಂದಲೇ.

ಮಾತು ಬಂದ ಮಕ್ಕಳ ವಿಷಯದಲ್ಲಿ ತಪ್ಪು ಬೇರೆ ರೂಪದಲ್ಲಿ ಮುಂದುವರಿಯಿತು. ಇಂಗ್ಲೆಂಡಿನ ಮಕ್ಕಳ ವೈದ್ಯ ಜಾನ್ ಆಪ್ಲೆ 1958ರಲ್ಲಿ ಸಹೋದ್ಯೋಗಿಯೊಡನೆ ಸಾವಿರ ಶಾಲಾಮಕ್ಕಳ ಸಮೀಕ್ಷೆಯನ್ನು ಪ್ರಕಟಿಸಿದರು. ಹತ್ತರಲ್ಲಿ ಒಂದು ಮಗುವಿಗೆ ಮರಳಿ ಮರಳಿ ಬರುವ ಹೊಟ್ಟೆನೋವಿತ್ತು. ಅಂಥ ಮಕ್ಕಳಲ್ಲಿ ಬಹುಪಾಲಿಗೆ ಅಂಗದಲ್ಲಿ ದೋಷ ಸಿಗುವುದಿಲ್ಲವೆಂಬುದೂ ತಿಳಿಯಿತು. ಇಲ್ಲಿಂದ ವೈದ್ಯರ ಮುಂದೆ ಎರಡೇ ಪೆಟ್ಟಿಗೆಗಳು ಉಳಿದವು: ಅಂಗದಲ್ಲಿ ದೋಷ ಸಿಕ್ಕರೆ ದೇಹದ ನೋವು, ಸಿಗದಿದ್ದರೆ ಮನಸ್ಸಿನ ನೋವು. ಎರಡನೆಯ ಪೆಟ್ಟಿಗೆಗೆ ಬಿದ್ದ ಮಗುವಿಗೆ ಮನೆಯಲ್ಲಿ ‘ನಾಟಕ’, ಶಾಲೆಯಲ್ಲಿ ‘ನೆಪ’ ಎಂಬ ಹೆಸರು ಬಂತು. ಆದರೆ ಆ ಪೆಟ್ಟಿಗೆಗಳೇ ಸರಿಯಿಲ್ಲವೆಂದು ಅಷ್ಟರಲ್ಲೇ ತೋರತೊಡಗಿತ್ತು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್, ಗಾಯದಿಂದ ಹೊರಟ ಸಂದೇಶ ಬೆನ್ನುಹುರಿಯಲ್ಲೇ ತಗ್ಗಬಹುದು, ಹೆಚ್ಚಬಹುದು ಎಂಬ ಸಿದ್ಧಾಂತವನ್ನು ಮುಂದಿಟ್ಟರು. 1983ರಲ್ಲಿ ಕ್ಲಿಫರ್ಡ್ ವೂಲ್ಫ್, ಪೆಟ್ಟಾದ ಮೇಲೆ ಬೆನ್ನುಹುರಿಯ ನರಕೋಶಗಳೇ ಅತಿಸೂಕ್ಷ್ಮವಾಗುವುದನ್ನು ತೋರಿಸಿದರು. ಗಾಯವಾಗಲಿ ನರಕ್ಕೆ ಪೆಟ್ಟಾಗಲಿ ಕಾಣದಿದ್ದರೂ ನೋವಿನ ವ್ಯವಸ್ಥೆಯೇ ಬದಲಾಗಿ ಹುಟ್ಟುವ ನೋವಿಗೆ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2017ರಲ್ಲಿ ಬೇರೆಯೇ ಹೆಸರು ಕೊಟ್ಟಿತು. ಅದೇ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ವ್ಯಕ್ತಿ ತನಗೆ ನೋವಿದೆ ಎಂದರೆ ಆ ಮಾತನ್ನು ಗೌರವಿಸಬೇಕೆಂದೂ, ಮಾತಾಡಲು ಆಗದವರಿಗೂ ನೋವಿರಬಹುದೆಂದೂ ಸೇರಿಸಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ದೀರ್ಘಕಾಲದ ನೋವು ಬೇರೊಂದು ರೋಗದ ನೆರಳಾಗಿ ಉಳಿಯದೆ ತಾನೇ ಒಂದು ರೋಗವಾಗಿಯೂ ಸ್ಥಾನ ಪಡೆಯಿತು.

ಈ ತಿಳಿವಳಿಕೆಯನ್ನು ಮಗುವಿಗೆ ಹೇಳುವ ಬಗೆಯೇ ಚಿಕಿತ್ಸೆಯ ಒಂದು ಭಾಗ. ಅನುಭವವಿರುವ ವೈದ್ಯರು ಮೊದಲು ಕೇಳುತ್ತಾರೆ. ನಕ್ಕ ಮುಖದಿಂದ ಕಿವುಚಿದ ಮುಖದವರೆಗಿನ ಚಿತ್ರಗಳ ಸಾಲನ್ನು ಮುಂದಿಟ್ಟು ‘ಇವತ್ತು ನಿನ್ನ ನೋವು ಇದರಲ್ಲಿ ಯಾವುದು?’ ಎನ್ನುತ್ತಾರೆ. ಮಗು ಬೆರಳಿಟ್ಟ ಮುಖವನ್ನೇ ಬರೆದುಕೊಳ್ಳುತ್ತಾರೆ, ತಮಗೆ ಸರಿ ಕಂಡದ್ದನ್ನಲ್ಲ. ಆಮೇಲೆ ಹೇಳುತ್ತಾರೆ: ‘ನಿನ್ನ ನೋವು ನಿಜ. ಪರೀಕ್ಷೆ ಮಾಡಿ ನೋಡಿದೆವು, ಅಪಾಯದ್ದು ಏನೂ ಇಲ್ಲ. ತೋಟದಲ್ಲಿ ದಿನಾ ಒಂದೇ ಕಡೆ ನಡೆದರೆ ಕಾಲುದಾರಿ ಬೀಳುತ್ತದಲ್ಲ, ಹಾಗೆ ನೋವಿನ ಸುದ್ದಿ ಓಡಾಡಿ ಓಡಾಡಿ ನಿನ್ನ ನರಗಳಲ್ಲಿ ದಾರಿ ಬಿದ್ದಿದೆ. ಈಗ ಸಣ್ಣ ಸುದ್ದಿಯೂ ಆ ದಾರಿಯಲ್ಲಿ ಬೇಗ ಬರುತ್ತದೆ. ನಾವು ಬೇರೆ ದಾರಿಗಳನ್ನು ಮಾಡೋಣ. ಇದರ ಮೇಲೆ ಹುಲ್ಲು ಬೆಳೆಯಲಿ.’ ಬೇರೆ ದಾರಿಗಳು ಎಂದರೆ ವ್ಯಾಯಾಮ, ನಿದ್ರೆ, ಶಾಲೆಗೆ ಮೆಲ್ಲಗೆ ಮರಳುವುದು, ಭಯವನ್ನು ಸಂಭಾಳಿಸುವ ಅಭ್ಯಾಸ, ಬೇಕಾದಲ್ಲಿ ಔಷಧ. ಮಕ್ಕಳ ದೀರ್ಘಕಾಲದ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳಿದ್ದೂ ಇದನ್ನೇ: ದೇಹ, ಮನಸ್ಸು, ಔಷಧ ಮೂರೂ ಸೇರಬೇಕು. ಸಿಕಲ್ ಸೆಲ್ ಮಗುವಿಗೆ ಹೈಡ್ರಾಕ್ಸಿಯೂರಿಯಾದಂಥ ಔಷಧ ನೋವಿನ ದಾಳಿಗಳನ್ನು ಕಡಿಮೆ ಮಾಡುತ್ತದೆ. ಆದರೆ ವರ್ಷಗಟ್ಟಲೆ ದಾಳಿ ಅನುಭವಿಸಿದ ಮೇಲೆ ಅದರ ನರಗಳಲ್ಲೂ ದಾರಿ ಬಿದ್ದಿರಬಹುದು. ಹಾಗಾಗಿ ಕಾರಣ ಕಂಡ ನೋವಿಗೂ ಕಾಣದ ನೋವಿಗೂ ನಡುವಿನ ಗೋಡೆ ನಾವು ಅಂದುಕೊಂಡಷ್ಟು ದಪ್ಪವಿಲ್ಲ.

ಇನ್ನು ಪ್ರಮಾಣದ ವಿಚಾರ. ನ್ಯಾಯದರ್ಶನದಲ್ಲಿ ಸುಖದುಃಖಗಳು ಆತ್ಮದ ಗುಣಗಳು. ಅವು ಅವರವರ ಮನಸ್ಸಿಗೇ ಪ್ರತ್ಯಕ್ಷ. ಇತರರಿಗೆ ಅನುಮಾನದಿಂದಲೋ (ಗುರುತು ಕಂಡು ಊಹಿಸುವುದರಿಂದ) ಹೇಳಿದವರ ಮಾತಿನಿಂದಲೋ ಮಾತ್ರ ತಿಳಿಯುವಂಥವು. ಸ್ಕ್ಯಾನ್ ಎಷ್ಟು ಸೂಕ್ಷ್ಮವಾದರೂ ನೋವಿನ ವಿಷಯದಲ್ಲಿ ಅದು ಅನುಮಾನವೇ: ಗಾಯ ಕಂಡರೆ ನೋವಿರಬೇಕು ಎಂದು ಊಹಿಸುತ್ತೇವೆ. ಅನುಮಾನ ಇಲ್ಲ ಎಂದ ಮಾತ್ರಕ್ಕೆ ಪ್ರತ್ಯಕ್ಷ ಬಿದ್ದುಹೋಗದು. ‘ಹುಡುಕಿದೆವು, ಸಿಗಲಿಲ್ಲ, ಆದ್ದರಿಂದ ಇಲ್ಲ’ ಎಂಬ ವಾದಕ್ಕೂ ನಮ್ಮ ಶಾಸ್ತ್ರಕಾರರು ಒಂದು ಕಟ್ಟು ಹಾಕಿದ್ದಾರೆ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ ಎನ್ನಬಹುದು, ಏಕೆಂದರೆ ಅದು ಇದ್ದಿದ್ದರೆ ಕಾಣುವಂಥದ್ದು. ಇದ್ದರೂ ಕಾಣದಂಥ ವಸ್ತುವಿನ ಬಗ್ಗೆ ಹಾಗೆನ್ನಲು ಬರುವುದಿಲ್ಲ. ಕಾಣುವ ಯೋಗ್ಯತೆಯಿದ್ದೂ ಕಾಣದಿದ್ದರೆ ಮಾತ್ರ ಆ ಕಾಣದಿರುವಿಕೆ ಪ್ರಮಾಣ. ಎಕ್ಸ್‌ರೇಯಲ್ಲಿ ಮೂಳೆ ಮುರಿತ ಕಾಣುವಂಥದ್ದು; ನೋವು ಕಾಣುವಂಥದ್ದಲ್ಲ. ‘ರಿಪೋರ್ಟ್ ನಾರ್ಮಲ್’ ಎಂಬುದು ಮುರಿತವಿಲ್ಲ ಎಂಬುದಕ್ಕೆ ಪ್ರಮಾಣ, ನೋವಿಲ್ಲ ಎಂಬುದಕ್ಕಲ್ಲ. ಉಳಿಯುವುದು ಶಬ್ದಪ್ರಮಾಣ, ಅಂದರೆ ಆಪ್ತನ ಮಾತು. ಆಪ್ತ ಎಂದರೆ ಯಾರು? ವಿಷಯವನ್ನು ತಾನೇ ಕಂಡವನು, ಕಂಡದ್ದನ್ನು ಕಂಡಂತೆ ಹೇಳಬಯಸುವವನು. ನ್ಯಾಯಭಾಷ್ಯಕಾರ ವಾತ್ಸ್ಯಾಯನ ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸ್ಪಷ್ಟವಾಗಿ ಹೇಳಿದ್ದಾನೆ. ಆಪ್ತನಾಗಲು ಕುಲ, ಪದವಿ ಬೇಡವೆಂದಾದರೆ ವಯಸ್ಸು ಯಾಕೆ ಬೇಕು? ತನ್ನ ನೋವನ್ನು ಕಂಡಿರುವುದು ಮಗು ಒಂದೇ. ಅದನ್ನು ಹೇಳಲೂ ಅದು ಬಯಸುತ್ತಿದೆ. ಅದಕ್ಕೆ ಕೊರತೆಯಿರುವುದು ಮಾತಿನ ಶಕ್ತಿಯೊಂದರಲ್ಲಿ. ಆ ಕೊರತೆ ತುಂಬುವುದು ಕೇಳುವವರ ಹೊಣೆ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುವ ಮಗುವಿಗೆ ಮನಾಮದ ಕ್ಲಿನಿಕ್ಕಿನಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕಿ, ಅದು ಸುಮ್ಮನಾದರೆ ‘ನೋವು ಅಷ್ಟೇನಿಲ್ಲ’ ಎಂದು ಬರೆದುಕೊಳ್ಳುವುದು ಸಾಕ್ಷಿಯ ಬಾಯಿ ಕಟ್ಟಿ ತೀರ್ಪು ಕೊಟ್ಟಂತೆ.

ಇದಕ್ಕೆ ಮೊದಲ ಆಕ್ಷೇಪ ಎಲ್ಲರ ನಾಲಿಗೆಯ ತುದಿಯಲ್ಲಿರುವಂಥದ್ದು: ಮಕ್ಕಳು ಸುಳ್ಳು ಹೇಳುವುದಿಲ್ಲವೇ? ಪರೀಕ್ಷೆಯ ದಿನ ಬೆಳಗ್ಗೆ ಹೊಟ್ಟೆನೋವು ಬರುವುದಿಲ್ಲವೇ? ಬರುತ್ತದೆ. ಆದರೆ ಪರೀಕ್ಷೆಯ ಭಯದಿಂದ ಕರುಳು ಹಿಂಡಿದರೆ ಆ ನೋವು ಸುಳ್ಳಾಗುವುದಿಲ್ಲ. ಭಯ ಅದರ ಕಾರಣ, ನೋವು ಅದರ ಫಲ. ಕಾರಣ ಮನಸ್ಸಿನಲ್ಲಿದ್ದ ಮಾತ್ರಕ್ಕೆ ಫಲ ಇಲ್ಲವಾಗದು. ನಿಜಕ್ಕೂ ನೆಪ ಹೇಳುವ ಮಕ್ಕಳು ಕೆಲವರಿರಬಹುದು. ಅವರನ್ನು ನಂಬಿ ಮೋಸಹೋದರೆ ನಷ್ಟವಾಗುವುದು ಒಂದು ದಿನದ ಶಾಲೆ. ನೋವಿದ್ದ ಮಗುವನ್ನು ನಂಬದೆ ಹೋದರೆ ಆಗುವ ನಷ್ಟ ಬೇರೆ: ಅದು ಹೇಳುವುದನ್ನೇ ನಿಲ್ಲಿಸುತ್ತದೆ, ಅಥವಾ ನಂಬಿಸಲು ಇನ್ನಷ್ಟು ಜೋರಾಗಿ ಹೇಳಲು ಕಲಿಯುತ್ತದೆ. ನಾವು ಉತ್ಪ್ರೇಕ್ಷೆ ಎನ್ನುವುದು ಎಷ್ಟೋ ಸಲ ನಮ್ಮ ಅಪನಂಬಿಕೆಯೇ ಕಲಿಸಿದ ಪಾಠ. ನಂಬುವುದೆಂದರೆ ಕೇಳಿದ ಔಷಧವನ್ನೆಲ್ಲ ಕೊಡುವುದೂ ಅಲ್ಲ. ಮಾರ್ಫಿನ್‌ನಂಥ ಔಷಧದ ಅಪಾಯ ನಿಜ. ಯಾವಾಗ, ಎಷ್ಟು, ಎಷ್ಟು ದಿನ ಎಂಬುದು ವೈದ್ಯರ ನಿರ್ಣಯ. ಆದರೆ ಆ ನಿರ್ಣಯ ‘ನಿನಗೆ ನೋವಿದೆ, ಅದಕ್ಕೆ ಯಾವುದು ಒಳ್ಳೆಯದು’ ಎಂಬ ಪ್ರಶ್ನೆಯಿಂದ ಹೊರಡಬೇಕು, ‘ನಿನಗೆ ನೋವಿದೆಯೇ’ ಎಂಬ ವಿಚಾರಣೆಯಿಂದಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು, ಅದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ನೋವಿಗೆ ಗಮನ ಕೊಟ್ಟಷ್ಟೂ ಅದು ಬೆಳೆಯುತ್ತದೆ, ನಂಬಿದರೆ ಪೋಷಿಸಿದಂತೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿನ್ ವಾಕರ್ ಮತ್ತು ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೀರು ಕುಡಿಸಿ ಮಕ್ಕಳಿಗೆ ಹೊಟ್ಟೆಯ ಇರುಸುಮುರುಸು ಉಂಟುಮಾಡಿದರು. ತಾಯಿತಂದೆ ನೋವಿನ ಬಗ್ಗೆಯೇ ಗಮನ ತೋರಿದಾಗ ಮಕ್ಕಳ ದೂರು ಹೆಚ್ಚುಕಡಿಮೆ ಎರಡರಷ್ಟಾಯಿತು. ಬೇರೆ ವಿಷಯಕ್ಕೆ ಮನಸ್ಸನ್ನು ಹೊರಳಿಸಿದಾಗ ಅರ್ಧಕ್ಕಿಳಿಯಿತು. ಇದನ್ನು ಒಪ್ಪಲೇಬೇಕು. ಆದರೆ ಇದು ಹೇಳುವುದು ಏನು? ಗಂಟೆಗೊಮ್ಮೆ ‘ಈಗ ಹೇಗಿದೆ, ನೋಯುತ್ತಿದೆಯಾ’ ಎಂದು ವಿಚಾರಿಸುವುದು ನಂಬಿಕೆಯ ಗುರುತಲ್ಲ, ಆತಂಕದ ಗುರುತು. ನಂಬಿಕೆ ಗಟ್ಟಿಯಾಗಿದ್ದಾಗ ಮತ್ತೆ ಮತ್ತೆ ಕೇಳುವ ಅಗತ್ಯವಿರುವುದಿಲ್ಲ. ತನ್ನ ಮಾತನ್ನು ದೊಡ್ಡವರು ಒಪ್ಪಿದ್ದಾರೆಂದು ತಿಳಿದ ಮಗುವಿಗೆ ಸಾಬೀತು ಮಾಡುವ ಕೆಲಸ ಉಳಿಯುವುದಿಲ್ಲ. ಆಗಲೇ ಅದು ಆಟದ ಕಡೆಗೆ, ಪುಸ್ತಕದ ಕಡೆಗೆ ತಿರುಗಬಲ್ಲದು. ಮಗುವಿನ ಮನಸ್ಸನ್ನು ಬೇರೆಡೆಗೆ ಹೊರಳಿಸುವುದಕ್ಕೂ ಅದನ್ನು ತಳ್ಳಿಹಾಕುವುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳು ಚೆನ್ನಾಗಿಯೇ ಬಲ್ಲರು. ಆ ಪ್ರಯೋಗದಲ್ಲೂ ಮನಸ್ಸನ್ನು ಹೊರಳಿಸಿದ್ದು ಸಹಾಯವಾಯಿತೆಂದು ಮಕ್ಕಳೇ ಹೇಳಿದರು.

ಈಗ ಧರ್ಮದ ಪ್ರಶ್ನೆ. ನಮ್ಮ ಮನೆಗಳಲ್ಲಿ ಮಗು ವರ್ಷಗಟ್ಟಲೆ ನರಳಿದಾಗ ‘ಹಣೆಬರಹ’, ‘ಪೂರ್ವಜನ್ಮದ ಕರ್ಮ’, ‘ನಾಗದೋಷ’ ಎಂಬ ಮಾತುಗಳು ಬರುತ್ತವೆ. ಇವುಗಳ ಹಿಂದೆ ಗಂಭೀರವಾದ ವಿಚಾರವಿದೆ ಎಂಬುದನ್ನು ಅಲ್ಲಗಳೆಯುವುದು ಸುಲಭದ ದಾರಿಯಾದೀತು. ಬ್ರಹ್ಮಸೂತ್ರ ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಳ್ಳುತ್ತದೆ: ಒಬ್ಬರಿಗೆ ಸುಖ, ಒಬ್ಬರಿಗೆ ದುಃಖ ಕೊಟ್ಟ ಈಶ್ವರ ಪಕ್ಷಪಾತಿಯೂ ನಿರ್ದಯನೂ ಆಗಲಿಲ್ಲವೇ? ಜೀವಿಗಳ ಕರ್ಮವನ್ನು ಅನುಸರಿಸಿ ಸೃಷ್ಟಿ ನಡೆಯುವುದರಿಂದ ಆ ದೋಷವಿಲ್ಲ ಎಂಬುದು ಅದರ ಉತ್ತರ. ಇಲ್ಲಿ ಗಮನಿಸಬೇಕಾದ್ದು, ಆ ಉತ್ತರ ಈಶ್ವರನ ಮೇಲಿನ ಆರೋಪಕ್ಕೆ ಕೊಟ್ಟದ್ದು. ಹಾಸಿಗೆಯ ಮೇಲಿರುವ ಈ ಮಗುವಿನ ಮೇಲೆ ಆರೋಪ ಹೊರಿಸಲು ಕೊಟ್ಟದ್ದಲ್ಲ. ಒಟ್ಟು ಜಗತ್ತಿನಲ್ಲಿ ನ್ಯಾಯವಿದೆ ಎಂಬ ನಂಬಿಕೆ ಒಂದು. ಇಂಥ ಮಗುವಿನ ಇಂಥ ನೋವು ಇಂಥ ಕರ್ಮದ ಫಲ ಎಂಬ ಹೇಳಿಕೆ ಇನ್ನೊಂದು. ಎರಡನೆಯದಕ್ಕೆ ಹೇಳುವವನ ಬಳಿ ಯಾವ ಪ್ರಮಾಣವೂ ಇಲ್ಲ. ಹಿಂದಿನ ಜನ್ಮವನ್ನು ಅವನು ಕಂಡಿಲ್ಲ. ಕಾಣುವ ಕಾರಣ ಇರುವಾಗ ಕಾಣದ ಕಾರಣವನ್ನು ಕಲ್ಪಿಸಬಾರದೆಂಬ ಕಟ್ಟಳೆ ಮೀಮಾಂಸಕರದ್ದೇ. ಆಯುರ್ವೇದದ ಚರಕನೂ ದೈವ, ಪುರುಷಕಾರ (ಮನುಷ್ಯಪ್ರಯತ್ನ) ಎರಡನ್ನೂ ತೂಗಿ, ಬಲವಾದ ಪುರುಷಕಾರ ದುರ್ಬಲ ದೈವವನ್ನು ಮೀರಬಲ್ಲದು ಎನ್ನುತ್ತಾನೆ. ಕರ್ಮವೆಲ್ಲ ಸ್ಥಿರವಾಗಿದ್ದರೆ ವೈದ್ಯಶಾಸ್ತ್ರವನ್ನೇ ಬರೆಯಬೇಕಿರಲಿಲ್ಲ. ಇನ್ನು ಕರ್ಮಸಿದ್ಧಾಂತವನ್ನು ಮನಸಾರೆ ನಂಬುವವನು ತನ್ನನ್ನೂ ಕೇಳಿಕೊಳ್ಳಬೇಕು: ನೋವಿನಲ್ಲಿರುವ ಮಗುವಿನ ಎದುರು ನಿಂತು ನಾನು ಈಗ ಆಡುವ ಮಾತು ಯಾವ ಕರ್ಮ?

ಟುಬ್ಲಿಯ ನೆರೆಹೊರೆಯವರ ಧರ್ಮದಲ್ಲೂ ಇದೇ ಪ್ರಶ್ನೆ ಆಳವಾಗಿ ಚರ್ಚೆಗೆ ಬಂದಿದೆ. 17ನೆಯ ಶತಮಾನದಲ್ಲಿ ಕುರಾನಿಗೆ ದೊಡ್ಡ ವ್ಯಾಖ್ಯಾನ ಬರೆದ ಸಯ್ಯದ್ ಹಾಶಿಮ್ ಅಲ್-ಬಹ್ರಾನಿ ಈ ಊರಿನವರು. ಅವರ ಸಮಾಧಿಯೂ ಇಲ್ಲಿದೆ. ಅವರಿಗಿಂತ ನಾಲ್ಕು ಶತಮಾನ ಹಿಂದೆ ಇದೇ ದ್ವೀಪದಲ್ಲಿ ಮೈಥಮ್ ಅಲ್-ಬಹ್ರಾನಿ ಎಂಬ ತಾರ್ಕಿಕರಿದ್ದರು. ಅವರು ಸೇರಿದ್ದ ಶಿಯಾ ತರ್ಕಪರಂಪರೆಯೂ ಅದಕ್ಕೂ ಹಿಂದಿನ ಮುಅತಜಿಲ ಪಂಥವೂ ಮಕ್ಕಳ ನೋವನ್ನು ಪ್ರತ್ಯೇಕ ಪ್ರಶ್ನೆಯಾಗಿ ತೆಗೆದುಕೊಂಡವು. ಪ್ರಾಯಕ್ಕೆ ಬರುವವರೆಗೆ ಮಗುವಿನ ಲೆಕ್ಕದಲ್ಲಿ ಪಾಪವೇ ಬರೆಯಲ್ಪಡುವುದಿಲ್ಲವಾದ್ದರಿಂದ ಅದರ ನೋವು ಶಿಕ್ಷೆಯಾಗಿರಲು ಸಾಧ್ಯವಿಲ್ಲ. ಆದ್ದರಿಂದ ದೇವರ ನ್ಯಾಯದಲ್ಲಿ ಆ ಮಗುವಿಗೆ ಪರಿಹಾರ ಸಲ್ಲಲೇಬೇಕು ಎಂದು ಅವರು ವಾದಿಸಿದರು. ದೇವರ ಮೇಲೆ ಯಾರ ಋಣವೂ ಇಲ್ಲವೆಂದು ಅಶ್ಅರಿ ಪಂಥದವರು ಇದನ್ನು ವಿರೋಧಿಸಿದರು. ಈ ವಾದದಲ್ಲಿ ಯಾರು ಸರಿ ಎಂಬುದನ್ನು ಆ ಧರ್ಮದವರೇ ತೀರ್ಮಾನಿಸಿಕೊಳ್ಳಲಿ. ನಮಗೆ ಬೇಕಾದ್ದು ಒಂದೇ: ಮಗು ನಿರಪರಾಧಿ ಎಂಬಲ್ಲಿಂದ ಎರಡೂ ಪಕ್ಷ ಹೊರಡುತ್ತವೆ. ನೋವಿಗೆ ಸಮಾಧಾನ ಹುಡುಕುವ ಭಾರವನ್ನು ಅವರು ದೇವರ ಮೇಲೋ ತರ್ಕದ ಮೇಲೋ ಹೊರಿಸಿದರು, ಮಗುವಿನ ಮೇಲೆ ಹೊರಿಸಲಿಲ್ಲ.

ಕೊನೆಯ ಆಕ್ಷೇಪ ತಾಯಿತಂದೆಯರ ಕಡೆಯಿಂದ ಬರುವಂಥದ್ದು. ವೈದ್ಯರು ಕೈಚೆಲ್ಲಿದಾಗ ‘ದೇವರ ಇಚ್ಛೆ’ ಎಂಬ ಮಾತೊಂದೇ ಮನೆಯನ್ನು ನಿಲ್ಲಿಸುತ್ತದೆ. ಅದನ್ನೂ ಕಿತ್ತುಕೊಂಡರೆ ಉಳಿಯುವುದೇನು? ಆ ಮಾತನ್ನು ಯಾರೂ ಕಿತ್ತುಕೊಳ್ಳಬೇಕಿಲ್ಲ. ಹರಕೆ ಹೊತ್ತ ತಾಯಿ ಇರುಳಿಡೀ ಮಗುವಿನ ಕಾಲು ಒತ್ತುತ್ತ ಕೂರುವುದಾದರೆ ಆ ನಂಬಿಕೆ ಚಿಕಿತ್ಸೆಯ ಜೊತೆಗಾರ. ಮನಸ್ಸಿಗೆ ಬಲ ತುಂಬುವುದನ್ನೂ ದೈವವನ್ನು ಆಶ್ರಯಿಸುವುದನ್ನೂ ಔಷಧದ ಜೊತೆಗೇ ಇಟ್ಟವನು ಚರಕ. ತೊಂದರೆ ಶುರುವಾಗುವುದು ಸಮಾಧಾನದ ಮಾತು ತೀರ್ಪಿನ ಮಾತಾದಾಗ: ಮಗುವಿಗೆ ‘ಅನುಭವಿಸಲೇಬೇಕು’ ಎಂದಾಗ, ಸೊಸೆಯ ಕಡೆಯ ರಕ್ತದ ದೋಷ ಎಂದಾಗ, ಶಾಪದ ಹೆಸರಿನಲ್ಲಿ ಪರೀಕ್ಷೆಯನ್ನೇ ಮುಂದೂಡಿದಾಗ. ಸಿಕಲ್ ಸೆಲ್ ಕಾಯಿಲೆ ಬರಬೇಕಾದರೆ ತಾಯಿ ತಂದೆ ಇಬ್ಬರಿಂದಲೂ ಒಂದೊಂದು ಪ್ರತಿ ಬರಬೇಕು. ಒಬ್ಬರನ್ನೇ ದೂರಲು ತಳಿವಿಜ್ಞಾನದಲ್ಲೂ ಆಧಾರವಿಲ್ಲ. ಈ ಎಚ್ಚರ ಧರ್ಮದವರಿಗೆ ಮಾತ್ರ ಬೇಕಾದ್ದೂ ಅಲ್ಲ. ಭಾರತ ಸರ್ಕಾರ 2023ರ ಜುಲೈಯಲ್ಲಿ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನವನ್ನು ಆರಂಭಿಸಿ 2047ರ ಗುರಿ ಇಟ್ಟುಕೊಂಡಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಬಹ್ರೇನ್, ಬ್ರಿಟನ್ನಿನ ನಂತರ ಜಗತ್ತಿನಲ್ಲೇ ಎರಡನೆಯದಾಗಿ, ಹನ್ನೆರಡು ವರ್ಷ ಮೇಲ್ಪಟ್ಟವರಿಗೆ ಕ್ಯಾಸ್ಜೆವಿ ಎಂಬ ಜೀನ್ ತಿದ್ದುವ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಎರಡೂ ಸ್ವಾಗತಾರ್ಹ. ಆದರೆ ರೋಗ ಮುಂದೆ ಹುಟ್ಟಬಾರದು ಎಂಬ ಉತ್ಸಾಹದಲ್ಲಿ, ಈಗಾಗಲೇ ಹುಟ್ಟಿರುವ ಮಗು ತಾನು ತಪ್ಪಿ ಹುಟ್ಟಿದ್ದು ಎಂದು ತಿಳಿಯುವಂತಾದರೆ, ವಿಜ್ಞಾನದ ಭಾಷೆಯೂ ಹಳೆಯ ಶಾಪದ ಕೆಲಸವನ್ನೇ ಮಾಡಿದಂತಾಗುತ್ತದೆ.

ಹೀಗೆ ನೋಡಿದರೆ ವೈದ್ಯ, ಪೋಷಕ, ಶಿಕ್ಷಕ, ಪುರೋಹಿತ ಇವರೆಲ್ಲರ ಕರ್ತವ್ಯದ ಕ್ರಮ ಒಂದೇ. ಮೊದಲು ಮಗುವಿನ ಮಾತನ್ನು ಪ್ರಮಾಣವಾಗಿ ಸ್ವೀಕರಿಸುವುದು. ಆಮೇಲೆ ಕಾಣುವ ಕಾರಣವನ್ನು ಶ್ರದ್ಧೆಯಿಂದ ಹುಡುಕುವುದು. ಆಪ್ತವಾಕ್ಯವನ್ನು ಒಪ್ಪಿದವನು ವಿಚಾರವನ್ನು ನಿಲ್ಲಿಸುವುದಿಲ್ಲ, ವಿಚಾರಕ್ಕೆ ನೆಲೆ ಪಡೆಯುತ್ತಾನೆ. ಕಾರಣ ಸಿಕ್ಕರೂ ಸಿಗದಿದ್ದರೂ, ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ, ಅದರ ಮೇಲೆ ದೋಷ ಹೊರಿಸದ ವಿವರಣೆ ಕೊಡುವುದು ಮೂರನೆಯದು. ನೋವು ಪೂರ್ತಿ ಹೋಗದಿದ್ದರೂ ಓದು, ಆಟ, ಗೆಳೆತನಗಳ ಬದುಕಿಗೆ ಮಗುವನ್ನು ಮರಳಿ ಕರೆತರುವುದು ನಾಲ್ಕನೆಯದು. ನ್ಯಾಯಸೂತ್ರ ದುಃಖವನ್ನು ಬಾಧೆ, ಅಂದರೆ ತಡೆ ಎಂಬ ಲಕ್ಷಣದಿಂದ ಗುರುತಿಸುತ್ತದೆ. ಮಗುವಿನ ನೋವು ಮಗುವಿನ ಬದುಕನ್ನು ತಡೆಯುತ್ತದೆ. ಆ ತಡೆಯನ್ನು ತೆಗೆಯುವುದೇ ಚಿಕಿತ್ಸೆ, ಅದೇ ಧರ್ಮ. ದುಃಖ ಜಗತ್ತಿನಲ್ಲಿ ಯಾಕಿದೆ ಎಂಬ ಪ್ರಶ್ನೆಗೆ ದರ್ಶನಗಳು ಇನ್ನೂ ಬಹುಕಾಲ ಉತ್ತರ ಹುಡುಕಲಿ. ಆ ಹುಡುಕಾಟ ದೊಡ್ಡದು. ಆದರೆ ಆ ಉತ್ತರಕ್ಕಾಗಿ ಮಗು ಕಾಯಬೇಕಾಗಿಲ್ಲ. ಅದು ನಮ್ಮಿಂದ ಮೊದಲು ಕೇಳುತ್ತಿರುವುದು ತನ್ನ ಮಾತಿಗೆ ಒಪ್ಪಿಗೆಯನ್ನು. ಅದನ್ನು ಕೊಡಲು ಯಾವ ಪರೀಕ್ಷೆಯ ವರದಿಯೂ ಬೇಕಿಲ್ಲ, ಯಾವ ಸಿದ್ಧಾಂತವೂ ಅಡ್ಡಿ ಬರುವುದಿಲ್ಲ.